ಪೋಸ್ಟರ್ ಬರೆದದ್ದು ಸಾಕು, ಅರ್ಜಿ ಬರೆಯೋಣ

ಪ್ರತಿ ವರ್ಷ ಜೂನ್ 5ರಂದು ವಿಶ್ವ ಪರಿಸರ ದಿನಕ್ಕೆ ನಾವು ಪೋಸ್ಟರ್ ಬರೆಯುತ್ತೇವೆ. ‘ಕಾಡು ಉಳಿಸಿ, ನಾಡು ಉಳಿಸಿ’ ಎಂದು ನಾನೂ ಬರೆದಿದ್ದೇನೆ. ಅದನ್ನು ಮನೆಗೆ ತಂದಾಗ ನಮ್ಮ ಮಾಮು ನೋಡಿ, “ಇದನ್ನು ಆನೆಗೂ ಒಂದು ಸಲ ತೋರಿಸು” ಎಂದರು. ಎಲ್ಲರೂ ನಕ್ಕರು. ಮಾಮು ನಗಲಿಲ್ಲ.

ಮಾಮುಗೆ ಎಚ್.ಡಿ. ಕೋಟೆ ಕಡೆ ಕಾಡಂಚಿನಲ್ಲಿ ಒಂದೂವರೆ ಎಕರೆ ಜಮೀನಿದೆ. ರಾಗಿ ಕೊಯ್ಲಿಗೆ ಒಂದು ವಾರ ಇರುವಾಗ ಆನೆಗಳು ಒಂದೇ ರಾತ್ರಿ ತುಳಿದು ಹಾಕಿದವು. ಪರಿಹಾರಕ್ಕಾಗಿ ಮೂರು ಸಲ ಕಚೇರಿಗೆ ಹೋದರು. ಮೊದಲ ಸಲ ಫೋಟೋ ಇಲ್ಲ ಎಂದರು. ಎರಡನೇ ಸಲ, ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದೆ ಎಂದರು. ಮೂರನೇ ಸಲ ಸಾಹೇಬರು ಇರಲಿಲ್ಲ. ಮಾಮು ಕನ್ನಡ ಚೆನ್ನಾಗಿ ಮಾತನಾಡುತ್ತಾರೆ, ಬರೆಯಲು ಬರುವುದಿಲ್ಲ. ನಾಲ್ಕನೇ ಸಲ ಅವರು ಹೋಗಲಿಲ್ಲ. ಈ ವರ್ಷ ಪಕ್ಕದ ಹೊಲದವರು ಬೇಲಿಗೆ ಕರೆಂಟ್ ಕೊಡುವ ಮಾತು ಎತ್ತಿದಾಗ ಮಾಮು ಬೇಡ ಅನ್ನಲಿಲ್ಲ. ಅದು ಅಪರಾಧ, ಅದರಿಂದ ಮನುಷ್ಯರೂ ಸಾಯುತ್ತಾರೆ ಎಂದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ.

ಇಂಥ ಮನೆಗಳ ಕಷ್ಟವನ್ನೇ ಅಧ್ಯಯನ ಮಾಡಿದವರು ಕೃತಿ ಕಾರಂತ. ಇವರು ಸಾಹಿತಿ ಶಿವರಾಮ ಕಾರಂತರ ಮೊಮ್ಮಗಳು, ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನ ಮಾಡಿದ ಉಲ್ಲಾಸ ಕಾರಂತರ ಮಗಳು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ಮತ್ತು ನೀತಿಯ ಬಗ್ಗೆ ಪಿಎಚ್.ಡಿ. ಮಾಡಿದರು. ಭದ್ರಾ ಅಭಯಾರಣ್ಯದಿಂದ ಹೊರಗೆ ಬಂದು ನೆಲೆಸಿದ ಕುಟುಂಬಗಳ ಸ್ಥಿತಿಯನ್ನು ಅಧ್ಯಯನ ಮಾಡಿದರು. ಪಶ್ಚಿಮ ಘಟ್ಟದ ಕಾಡುಗಳ ಸುತ್ತ ಸುಮಾರು 2,000 ಮನೆಗಳಲ್ಲಿ ಬೆಳೆ, ಜಾನುವಾರು ನಷ್ಟದ ಮಾಹಿತಿ ಸಂಗ್ರಹಿಸಿದರು. ನಷ್ಟ ಆದವರು ಬಹಳ, ಪರಿಹಾರ ಸಿಕ್ಕಿದವರು ಕಡಿಮೆ ಎಂದು ಕಂಡುಬಂತು.

ಅವರು ವರದಿ ಬರೆದು ಸುಮ್ಮನಾಗಲಿಲ್ಲ. 2015ರಲ್ಲಿ ನಾಗರಹೊಳೆ, ಬಂಡೀಪುರದ ಸುತ್ತಲಿನ ಹಳ್ಳಿಗಳಿಗಾಗಿ ‘ವೈಲ್ಡ್ ಸೇವೆ’ ಶುರು ಮಾಡಿದರು. ಉಚಿತ ನಂಬರಿಗೆ ಫೋನ್ ಮಾಡಿದರೆ ಸಿಬ್ಬಂದಿ ಹೊಲಕ್ಕೇ ಬರುತ್ತಾರೆ. ಫೋಟೋ ತೆಗೆದು, ದಾಖಲೆ ಜೋಡಿಸಿ, ಅರಣ್ಯ ಇಲಾಖೆಗೆ ಅರ್ಜಿ ಹಾಕಿಸುತ್ತಾರೆ. ಹಣ ಕೊಡುವುದು ಸರ್ಕಾರವೇ. 2019ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು.

ವಾಣಿಜ್ಯ ವಿಭಾಗದ ನನಗೆ ಇದರಲ್ಲಿ ಒಂದು ಲೆಕ್ಕ ಕಾಣುತ್ತದೆ. ಮೂರು ಸಲ ಕಚೇರಿಗೆ ಹೋದರೆ ಮೂರು ದಿನದ ಕೂಲಿ ಹೋಯಿತು. ಬಸ್ ಚಾರ್ಜ್, ಜೆರಾಕ್ಸ್ ಬೇರೆ. ಬರುವ ಪರಿಹಾರಕ್ಕಿಂತ ಅಲೆದಾಟದ ಖರ್ಚೇ ಹೆಚ್ಚಾದರೆ ಬಡವ ಅರ್ಜಿ ಹಾಕುವುದಿಲ್ಲ. ಅದು ಅಜ್ಞಾನವಲ್ಲ, ಸರಿಯಾದ ಲೆಕ್ಕವೇ. ಅಂಥವರಿಗೆ ‘ಜಾಗೃತಿ’ ಮೂಡಿಸುತ್ತೇವೆ ಎಂದು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಜನರ ನಡವಳಿಕೆ ಬದಲಾಗಬೇಕಾದರೆ ಮೊದಲು ಅವರ ಖರ್ಚು ಕಡಿಮೆಯಾಗಬೇಕು.

ಪರಿಹಾರ ಕೊಟ್ಟರೆ ಆನೆ ಬರುವುದು ನಿಲ್ಲುತ್ತದೆಯೇ ಎಂದು ಕೆಲವರು ಕೇಳಬಹುದು. ನಿಲ್ಲುವುದಿಲ್ಲ. ಆದರೆ ಸಮಯಕ್ಕೆ ಹಣ ಸಿಕ್ಕಿದವನಿಗೆ ಬೇಲಿಗೆ ಕರೆಂಟ್ ಕೊಡುವಷ್ಟು ಸಿಟ್ಟು ಬರಲಾರದು.

ನಮ್ಮ ಕಾಲೇಜಿಗೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಿಂದ ಬರುವವರಿದ್ದಾರೆ. ಕೆ.ಆರ್. ನಗರದ ಗೆಳೆಯರಿಗೆ ಕಾಡು ದೂರ, ಆದರೆ ಕಚೇರಿ ಅಲೆದಾಟ ಎಲ್ಲರಿಗೂ ಒಂದೇ. ಮನೆಯಲ್ಲಿ ಉರ್ದು ಮಾತನಾಡಿದರೂ ನಾವು ಇಲ್ಲಿ ಕನ್ನಡ ಬರೆಯಲು ಕಲಿತಿದ್ದೇವೆ. ಎನ್‌ಎಸ್‌ಎಸ್ ವತಿಯಿಂದ ವಾರಕ್ಕೆ ಒಂದು ಗಂಟೆ ಊರಿನವರಿಗೆ ಅರ್ಜಿ ಬರೆದುಕೊಡಲು ಪ್ರಾಂಶುಪಾಲರು ಅವಕಾಶ ಕೊಡಬೇಕು. ವಾಣಿಜ್ಯ ವಿದ್ಯಾರ್ಥಿಗಳೇ ಇದನ್ನು ನಡೆಸಬಲ್ಲೆವು.

‘ಪರಿಸರ ಸಂಶೋಧನೆ ಸೈನ್ಸ್‌ನವರಿಗೆ, ನಮಗೆ ಅಂಗಡಿ ಲೆಕ್ಕ’ ಎಂದು ನಾನು ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಯಾರಿಗೆ ನಷ್ಟ, ಎಷ್ಟು, ಹಣ ಯಾಕೆ ತಲುಪಲಿಲ್ಲ ಎಂದು ಕೇಳುವುದೂ ಸಂಶೋಧನೆಯೇ.

ಕಳೆದ ಭಾನುವಾರ ಮಾಮು ಜೊತೆ ಕೂತು ಪೌತಿ ಖಾತೆಗೆ ಅರ್ಜಿ ಬರೆದೆ. ಪಹಣಿ ಅವರ ಹೆಸರಿಗೆ ಬರಲು ಇನ್ನೂ ಸಮಯ ಬೇಕು. ಬೇಲಿಗೆ ಮಾತ್ರ ಇನ್ನೂ ಕರೆಂಟ್ ಬಂದಿಲ್ಲ.