ಟೆನ್ನಿಸ್‌ನಲ್ಲಿ ಮೀಸಲಾತಿ ಇಲ್ಲ ಅಂತ ಯಾರು ಹೇಳಿದ್ದು?

ರೋಹನ್ ಬೋಪಣ್ಣ ರಾಜ್ಯೋತ್ಸವದ ದಿನವೇ, 2025ರ ನವೆಂಬರ್ 1ರಂದು, ವೃತ್ತಿಪರ ಟೆನ್ನಿಸ್‌ಗೆ ವಿದಾಯ ಹೇಳಿದರು. ವಯಸ್ಸು 45. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಡಿದ ಮನುಷ್ಯ. ಮೊದಲು ಅವರಿಗೊಂದು ಸಲಾಂ. ಈ ಪೋಸ್ಟ್ ಅವರ ವಿರುದ್ಧ ಅಲ್ಲ. ಅವರ ಹೆಸರನ್ನ ದೊಣ್ಣೆ ಮಾಡ್ಕೊಂಡು ನಮ್ಮ ಮಕ್ಕಳ ಬೆನ್ನಿಗೆ ಬಾರಿಸ್ತಿರೋರ ವಿರುದ್ಧ.

ಪದ್ಮನಾಭನಗರದ ನಮ್ಮ ಏರಿಯಾ ವಾಟ್ಸಾಪ್ ಗ್ರೂಪ್‌ನಲ್ಲಿ ಮಾರನೇ ದಿನ ಬೆಳಿಗ್ಗೆಯೇ ಮೆಸೇಜ್ ಬಂತು. ನಲವತ್ಮೂರನೇ ವಯಸ್ಸಲ್ಲಿ ವಿಶ್ವದ ನಂಬರ್ ಒನ್ ಆದ ಕನ್ನಡಿಗ, ಟೆನ್ನಿಸ್‌ನಲ್ಲಿ ರಿಸರ್ವೇಶನ್ ಇಲ್ಲ, ಅಲ್ಲಿ ಬರೀ ಪ್ರತಿಭೆಗೆ ಬೆಲೆ ಅಂತ. ಕೆಳಗೆ ಸಾಲುಸಾಲು ಚಪ್ಪಾಳೆ. ವಿದಾಯ ಹೇಳಿದವನ ಆಟದ ಬಗ್ಗೆ ಒಂದು ಮಾತಿಲ್ಲ, ಮೀಸಲಾತಿ ಮೇಲೆ ಕಾರೋದಕ್ಕೆ ಅವನೊಂದು ನೆಪ. ಇಂಥ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರುತ್ತೆ. ಅದಕ್ಕೇ ಉತ್ತರ ಬರೀತಿದ್ದೀನಿ, ಬೇಕಾದ್ರೆ ಅಲ್ಲಿಗೇ ಕಳಿಸಿ.

ಮೊದಲು ಬೋಪಣ್ಣ ಆಟದ ಮಾತು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಯುಎಸ್ ಓಪನ್ ಡಬಲ್ಸ್ ಫೈನಲ್ ತಲುಪಿದರು. ಯುದ್ಧ ನಿಲ್ಲಿಸಿ, ಟೆನ್ನಿಸ್ ಶುರುಮಾಡಿ ಅನ್ನೋ ಘೋಷಣೆ ಇಟ್ಟುಕೊಂಡು ಆಡಿದ ಜೋಡಿ ಅದು. 2014ರಲ್ಲಿ ಇದೇ ಬೆಂಗಳೂರಿನ ಕಬ್ಬನ್ ಪಾರ್ಕ್ ಅಂಗಳದಲ್ಲಿ, ಸರ್ಬಿಯಾ ವಿರುದ್ಧದ ಡೇವಿಸ್ ಕಪ್ ಡಬಲ್ಸ್‌ನಲ್ಲಿ, ಲಿಯಾಂಡರ್ ಪೇಸ್ ಜೊತೆ ಮೊದಲ ಎರಡು ಸೆಟ್ ಸೋತು ಆಮೇಲೆ ಗೆದ್ದರು. 2017ರಲ್ಲಿ ಗೇಬ್ರಿಯೆಲಾ ದಬ್ರೋಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್, ಜೊತೆಗೇ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನ. ಮೊಣಕಾಲಲ್ಲಿ ಮೃದ್ವಸ್ಥಿ ಸವೆದು ಹೋಗಿದ್ದರೂ ಯೋಗ ಮಾಡ್ಕೊಂಡು ಆಡಿದವರು. ಇದೆಲ್ಲ ಪುಕ್ಕಟೆ ಸಿಕ್ಕಿದ್ದಲ್ಲ. ಒಪ್ಪೋಣ.

ಈಗ ಬನ್ನಿ, ಟೆನ್ನಿಸ್‌ನಲ್ಲಿ ಮೀಸಲಾತಿ ಇಲ್ವಾ ನೋಡೋಣ.

ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ 128 ಜನಕ್ಕೆ ಜಾಗ. ಅದರಲ್ಲಿ ಎಂಟು ಸೀಟು ವೈಲ್ಡ್ ಕಾರ್ಡ್‌ಗೆ. ಅಂದ್ರೆ ಏನು? ರ್ಯಾಂಕಿಂಗ್ ಸಾಲದೇ ಇದ್ದರೂ ಪರವಾಗಿಲ್ಲ, ಈ ಹುಡುಗನಿಗೆ ಒಂದು ಅವಕಾಶ ಕೊಡೋಣ ಅಂತ ಆಯೋಜಕರು ಕೊಡೋ ಪ್ರವೇಶ. ಹೆಚ್ಚಾಗಿ ಕೊಡೋದು ಆತಿಥೇಯ ದೇಶದವರಿಗೆ. ನಮ್ಮ ಬೆಂಗಳೂರು ಓಪನ್‌ನಲ್ಲೂ ಭಾರತೀಯರಿಗೆ ಇದೇ ದಾರೀಲಿ ಅವಕಾಶ ಕೊಡ್ತಾರೆ. ಕೊಡಲೇಬೇಕು. ಇಲ್ಲದಿದ್ರೆ ನಮ್ಮ ಹುಡುಗರು ದೊಡ್ಡ ಆಟ ನೋಡೋದು ಯಾವಾಗ?

ಗಾಯ ಆಗಿ ಆರು ತಿಂಗಳಿಗೂ ಹೆಚ್ಚು ಕಾಲ ಆಡದೇ ಇದ್ದವರಿಗೆ ಪ್ರೊಟೆಕ್ಟೆಡ್ ರ್ಯಾಂಕಿಂಗ್ ಇದೆ. ನಿನ್ನ ತಪ್ಪಿಲ್ಲದೆ ಹಿಂದೆ ಬಿದ್ದಿದ್ದೀಯ, ಹಳೇ ರ್ಯಾಂಕ್ ತೋರಿಸಿ ಒಳಗೆ ಬಾ ಅನ್ನೋ ನ್ಯಾಯ ಅದು. ಶ್ರೇಯಾಂಕ ಪಡೆದ 32 ಜನ ಮೂರನೇ ಸುತ್ತಿನವರೆಗೂ ಒಬ್ಬರಿಗೊಬ್ಬರು ಎದುರಾಗದ ಹಾಗೆ ಡ್ರಾ ಮಾಡ್ತಾರೆ. ಮೇಲಿರೋರನ್ನ ಮೇಲೇ ಉಳಿಸೋಕೂ ಒಂದು ನಿಯಮ! ಲಕ್ಕಿ ಲೂಸರ್ ಅಂತ ಇನ್ನೊಂದಿದೆ. ಅರ್ಹತಾ ಸುತ್ತಲ್ಲಿ ಸೋತವರಿಗೂ, ಯಾರಾದ್ರೂ ಹಿಂದೆ ಸರಿದ್ರೆ, ಸೀಟು.

ವೈಲ್ಡ್ ಕಾರ್ಡ್ ಪಡೆದವರು ಪ್ರತಿಭೆ ಇಲ್ಲದವರಾ? 2001ರಲ್ಲಿ ಗೊರಾನ್ ಇವಾನಿಸೆವಿಚ್ 125ನೇ ರ್ಯಾಂಕ್‌ನಲ್ಲಿದ್ದರು. ವಿಂಬಲ್ಡನ್ ಅವರಿಗೆ ವೈಲ್ಡ್ ಕಾರ್ಡ್ ಕೊಟ್ಟಿತು. ಅವರು ಕಪ್ಪನ್ನೇ ಎತ್ತಿಕೊಂಡು ಹೋದರು. ರಿಸರ್ವೇಶನ್‌ನಲ್ಲಿ ಗೆದ್ದ ಅಂತ ಯಾರೂ ಹಂಗಿಸಲಿಲ್ಲ. ಬಾಗಿಲು ತೆರೆಯೋದು ಬೇರೆ, ಮ್ಯಾಚ್ ಗೆಲ್ಲೋದು ಬೇರೆ ಅಂತ ಟೆನ್ನಿಸ್‌ಗೆ ಗೊತ್ತು. ನಮ್ಮ ಮಕ್ಕಳಿಗೆ ಮೆಡಿಕಲ್ ಸೀಟು ಸಿಕ್ಕಾಗ ಮಾತ್ರ ನಿಮಗೆ ಈ ವ್ಯತ್ಯಾಸ ಮರೆತುಹೋಗುತ್ತೆ. ಅವರೂ ಅದೇ ಪರೀಕ್ಷೆ ಬರೀತಾರೆ, ಅದೇ ಪಾಸ್ ಮಾರ್ಕ್ಸ್ ತಗೊಂಡೇ ಡಾಕ್ಟರ್ ಆಗ್ತಾರೆ ಸ್ವಾಮಿ.

ಇನ್ನು ಪ್ರತಿಭೆಯ ವಿಷಯ. ಬೋಪಣ್ಣ ವೃತ್ತಿಪರ ಆಟಗಾರ ಆಗಿದ್ದು 2003ರಲ್ಲಿ. ಮೊದಲ ಗ್ರ್ಯಾಂಡ್‌ಸ್ಲಾಮ್ ಗೆದ್ದಿದ್ದು 2017ರಲ್ಲಿ, 37ನೇ ವಯಸ್ಸಿಗೆ. ನಡುವೆ ಹದಿನಾಲ್ಕು ವರ್ಷ. ಅದಾದ ಮೇಲೂ 2021ರಲ್ಲಿ ಐದು ತಿಂಗಳು ಒಂದೇ ಒಂದು ಮ್ಯಾಚ್ ಗೆದ್ದಿರಲಿಲ್ಲ, ಆಟ ಬಿಟ್ಟುಬಿಡ್ತೀನಿ ಅಂತ ಹೆಂಡತಿಗೆ ವಿಡಿಯೋ ಮಾಡಿ ಕಳಿಸಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಬಿಡಲಿಲ್ಲ. ಮೂರು ವರ್ಷಕ್ಕೆ ನಂಬರ್ ಒನ್ ಆದರು.

ಇದನ್ನ ಓದಿ ನಿಮಗೆ ಛಲ ಕಾಣುತ್ತೆ. ನನಗೂ ಕಾಣುತ್ತೆ. ಜೊತೆಗೆ ಇನ್ನೊಂದು ಕಾಣುತ್ತೆ, ಸೋಲೋ ಹಕ್ಕು. ಸೋತರೂ ಊಟ ಇರಬೇಕು, ಮನೆ ಇರಬೇಕು, ಕೋಚ್ ಇರಬೇಕು, ಫಿಸಿಯೋ ಇರಬೇಕು, ಮುಂದಿನ ವಾರದ ವಿಮಾನದ ಟಿಕೆಟ್ ಇರಬೇಕು. ಪ್ರತಿಭೆ ಹಣ್ಣಾಗೋಕೆ ಕಾಲ ಬೇಕು. ಆ ಕಾಲವನ್ನ ಕೊಡೋದು ಜಮೀನು, ಆಸ್ತಿ, ಓದಿದ ಅಪ್ಪ-ಅಮ್ಮ, ಪರಿಚಯದ ಬಳಗ. ನಮ್ಮ ಮಕ್ಕಳಿಗೆ ಐದು ತಿಂಗಳು ಸೋಲೋ ಹಕ್ಕು ಇದೆಯಾ? ಪಿಯುಸಿಯಲ್ಲಿ ಒಂದು ಸಬ್ಜೆಕ್ಟ್ ಹೋದ್ರೆ ಹುಡುಗಿ ಗಾರ್ಮೆಂಟ್ಸ್‌ಗೆ, ಹುಡುಗ ಡೆಲಿವರಿ ಬೈಕಿಗೆ. ಅವರದ್ದೂ ನಿವೃತ್ತಿಯೇ. ಹದಿನೇಳನೇ ವಯಸ್ಸಿನ ನಿವೃತ್ತಿ. ಅದಕ್ಕೆ ಯಾವ ಪೇಪರ್‌ನಲ್ಲೂ ಫೋಟೋ ಬರಲ್ಲ.

ವಿದಾಯದ ಮಾತಿನಲ್ಲಿ ಬೋಪಣ್ಣ ತಮ್ಮ ಕೊಡಗನ್ನ ನೆನೆದರು. ಸರ್ವ್‌ಗೆ ಬಲ ಬರಲಿ ಅಂತ ಸೌದೆ ಕಡಿದಿದ್ದು, ದಮ್ಮು ಕಟ್ಟೋಕೆ ಕಾಫಿ ತೋಟದಲ್ಲಿ ಓಡಿದ್ದು. ಪ್ರಾಮಾಣಿಕವಾಗಿ ಹೇಳಿದ ಮಾತು, ಚೆನ್ನಾಗಿದೆ. ಅವರ ಕುಟುಂಬದ ಬಗ್ಗೆ ನನ್ನದೇನೂ ದೂರಿಲ್ಲ. ನಾನು ಕೇಳ್ತಿರೋದು ಆ ಜಿಲ್ಲೆಯ ಬಗ್ಗೆ. ಅದೇ ಕೊಡಗಿನ ತೋಟಗಳಲ್ಲಿ ಎರವರು, ಜೇನುಕುರುಬರು, ಬೆಟ್ಟಕುರುಬರು, ದಲಿತರು ತಲೆಮಾರುಗಳಿಂದ ಮರ ಕಡಿದಿದ್ದಾರೆ, ಅದೇ ಏರುತಗ್ಗಲ್ಲಿ ಮೂಟೆ ಹೊತ್ತು ನಡೆದಿದ್ದಾರೆ. ತೋಳಿಗೆ ಬಲ ಅವರಿಗೂ ಬಂತು, ದಮ್ಮು ಅವರಿಗೂ ಇತ್ತು. ಕೈಗೆ ರ್ಯಾಕೆಟ್ ಬರಲಿಲ್ಲ, ದಿನಗೂಲಿ ಬಂತು. ಇರೋಕೆ ಲೈನ್ ಮನೆ ಬಂತು. ಆ ಲೈನ್ ಮನೆಗಳ ಬದುಕು ಸಾಕು ಅಂತ ಹೊರಬಂದು ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡ ಐನೂರಕ್ಕೂ ಹೆಚ್ಚು ಕುಟುಂಬಗಳನ್ನ 2016ರ ಡಿಸೆಂಬರ್ ಚಳಿಯಲ್ಲಿ ಅರಣ್ಯ ಇಲಾಖೆ ಬೀದಿಗೆ ಹಾಕಿತು. ಆ ಗುಡಿಸಲುಗಳಲ್ಲಿ ಎಷ್ಟು ಬೋಪಣ್ಣಂದಿರಿದ್ದರೋ, ಲೆಕ್ಕ ಇಟ್ಟವರು ಯಾರು?

ಆಟದ ಬಯಲಿಗೂ ನಮಗೂ ಇರೋ ಸಂಬಂಧ ಹೊಸದಲ್ಲ. ಪಾಲ್ವಂಕರ್ ಬಾಲು ಹೆಸರು ಕೇಳಿದ್ದೀರಾ? ನಮ್ಮ ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಮಗ, ಬಾಬಾಸಾಹೇಬರು ಮೆಚ್ಚಿದ್ದ ಕ್ರಿಕೆಟಿಗ. ಪುಣೆಯ ಜಿಮ್ಖಾನಾದಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಪಿಚ್ ಗುಡಿಸ್ತಿದ್ದರು, ರೋಲರ್ ಎಳೀತಿದ್ದರು. ಸಾಹೇಬರಿಗೆ ಪ್ರಾಕ್ಟೀಸ್ ಆಗಲಿ ಅಂತ ಗಂಟೆಗಟ್ಟಲೆ ಬೌಲಿಂಗ್ ಮಾಡಿಸ್ತಿದ್ದರು, ಬ್ಯಾಟ್ ಮಾತ್ರ ಕೈಗೆ ಕೊಡ್ತಿರಲಿಲ್ಲ. ಹಿಂದೂ ತಂಡಕ್ಕೆ ಸೇರಿಸಿಕೊಂಡ ಮೇಲೂ ಟೀ ವಿರಾಮದಲ್ಲಿ ಅವರಿಗೆ ಹೊರಗಡೆ, ಮಣ್ಣಿನ ಕುಡಿಕೆಯಲ್ಲಿ ಟೀ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದ ಬೌಲರ್‌ಗೆ ಆದ ಮರ್ಯಾದೆ ಇದು. ಆ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. ಅವರ ತಮ್ಮ ವಿಠಲ್‌ಗೆ ಅದು ಸಿಗಬೇಕಾದ್ರೆ 1923 ಬರಬೇಕಾಯ್ತು.

ನೂರು ವರ್ಷ ಆಯ್ತು, ಎಲ್ಲ ಬದಲಾಗಿದೆ ಅಂತೀರಾ? ನಮ್ಮ ದಕ್ಷಿಣ ಬೆಂಗಳೂರಿನ ಒಂದು ಟೆನ್ನಿಸ್ ಕೋರ್ಟ್‌ನಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಚೆಂಡು ಎತ್ತಿಕೊಡ್ತಾನೆ, ಅಂಗಳ ಗುಡಿಸ್ತಾನೆ, ನೆಟ್ ಕಟ್ಟುತ್ತಾನೆ. ನಮ್ಮ ಕೇರಿಯ ಹುಡುಗ. ಯಾರೋ ಬಿಸಾಕಿದ ಹಳೇ ರ್ಯಾಕೆಟ್ ಹಿಡಿದು ಹಿಂದಿನ ಗೋಡೆಗೆ ಚೆಂಡು ಹೊಡೀತಾನೆ. ನೋಡಬೇಕು ಅವನ ಕೈನ. ಮಧ್ಯಾಹ್ನ ಕೋರ್ಟ್ ಖಾಲಿ ಇರುತ್ತಲ್ಲ, ಒಳಗೆ ಆಡು ಮಗಾ ಅಂದೆ. "ಖಾಲಿ ಇದ್ರೂ ನಾವ್ ಇಳಿಯಂಗಿಲ್ಲ ಅಣ್ಣಾ, ನೋಡಿದ್ರೆ ಕೆಲಸ ಹೋಗುತ್ತೆ" ಅಂದ. ಚೆನ್ನಾಗಿರೋ ಒಂದು ರ್ಯಾಕೆಟ್‌ಗೆ ಹದಿನೈದು-ಇಪ್ಪತ್ತು ಸಾವಿರ. ಅದರ ತಂತಿ ಆಗಾಗ ಕಿತ್ತುಹೋಗುತ್ತೆ, ಅದಕ್ಕೆ ಬೇರೆ ದುಡ್ಡು. ಕೋರ್ಟ್ ಬಾಡಿಗೆ ಗಂಟೆ ಲೆಕ್ಕ. ಪಾರ್ಕಿಗೆ ಹೋಗೋಣ ಅಂದ್ರೆ ಅಲ್ಲಿ ಆಟ ಆಡಬಾರದು ಅಂತ ಬೋರ್ಡು. ದೇವೇಗೌಡ ಪೆಟ್ರೋಲ್ ಬಂಕ್‌ನಿಂದ ಕದಿರೇನಹಳ್ಳಿವರೆಗೂ ನಡ್ಕೊಂಡು ಬನ್ನಿ, ಕೂಲಿಯವರ ಮಗು ಕಾಸು ಕೊಡದೆ ಟೆನ್ನಿಸ್ ಆಡಬಹುದಾದ ಒಂದು ಜಾಗ ತೋರಿಸಿ.

ಅಮೆರಿಕದ ಆರ್ಥರ್ ಆ್ಯಶ್ ಕಥೆ ಇಲ್ಲಿ ಹೇಳಲೇಬೇಕು. ರಿಚ್ಮಂಡ್ ಊರಲ್ಲಿ ಬಿಳಿಯರ ಪಾರ್ಕಿನ ಕೋರ್ಟುಗಳಿಗೆ ಕರಿಯರಿಗೆ ಪ್ರವೇಶ ಇರಲಿಲ್ಲ. ಕರಿಯರಿಗಂತ ಬೇರೆ ಪಾರ್ಕು. ಆ್ಯಶ್ ಅಪ್ಪ ಅದರ ಕಾವಲುಗಾರ, ಮನೆ ಪಾರ್ಕಿನೊಳಗೇ, ಪಕ್ಕದಲ್ಲೇ ಟೆನ್ನಿಸ್ ಕೋರ್ಟು. ಅಲ್ಲಿ ಕಾಸು ಕೊಡದೆ ಆಡಿ ಬೆಳೆದ ಹುಡುಗ 1968ರಲ್ಲಿ ಯುಎಸ್ ಓಪನ್, 1975ರಲ್ಲಿ ವಿಂಬಲ್ಡನ್ ಗೆದ್ದ. ಇವತ್ತು ನ್ಯೂಯಾರ್ಕಿನ ದೊಡ್ಡ ಟೆನ್ನಿಸ್ ಅಂಗಳಕ್ಕೆ ಅವನದೇ ಹೆಸರು. ವೀನಸ್, ಸೆರೆನಾ ಕಲಿತದ್ದೂ ಕಾಂಪ್ಟನ್‌ನ ಸಾರ್ವಜನಿಕ ಕೋರ್ಟಲ್ಲಿ. ಅಷ್ಟು ಕ್ರೂರ ವರ್ಣಭೇದದ ನಡುವೆಯೂ ಕಾವಲುಗಾರನ ಮಗನಿಗೆ ಕೋರ್ಟಿಗೆ ಇಳಿಯೋ ಅವಕಾಶ ಇತ್ತು. ನಮ್ಮ ಹುಡುಗನಿಗೆ ಗೋಡೆ.

ಅದೇ ಆರ್ಥರ್ ಆ್ಯಶ್ ಅಂಗಳದಲ್ಲಿ 2023ರ ಯುಎಸ್ ಓಪನ್ ಡಬಲ್ಸ್ ಫೈನಲ್ ನಡೀತು. ಬೋಪಣ್ಣ-ಎಬ್ಡನ್ ಜೋಡಿಗೆ ಒಂದು ಪಾಯಿಂಟ್ ಬಂದಿತ್ತು. ಚೆಂಡು ಬೋಪಣ್ಣ ತೋಳಿಗೆ ಸವರಿಕೊಂಡು ಹೋಗಿದ್ದು ಅಂಪೈರ್‌ಗೆ ಕಂಡಿರಲಿಲ್ಲ. ಬೋಪಣ್ಣ ತಾವೇ ಹೋಗಿ, ಚೆಂಡು ನನ್ನ ಕೈಗೆ ತಾಗಿದೆ ಅಂತ ಹೇಳಿ ಪಾಯಿಂಟ್ ಬಿಟ್ಟುಕೊಟ್ಟರು. ಆ ಫೈನಲ್ ಸೋತರು ಕೂಡ.

ಮೆರಿಟ್ ಮೆರಿಟ್ ಅಂತ ಕುಣಿಯೋ ಮಹನೀಯರೇ, ಬೋಪಣ್ಣನಿಂದ ಕಲಿಯೋದಾದ್ರೆ ಇದನ್ನ ಕಲೀರಿ. ನಿಮ್ಮ ಚೆಂಡೂ ಎಲ್ಲೆಲ್ಲೋ ತಾಗಿಕೊಂಡು ಬಂದಿದೆ. ತಾತನ ಸೈಟಿಗೆ ತಾಗಿದೆ, ಅಪ್ಪನ ಇಂಗ್ಲಿಷ್‌ಗೆ ತಾಗಿದೆ, ಮಾವನ ಪರಿಚಯಕ್ಕೆ ತಾಗಿದೆ, ಜಾತಿಗೆ ತಾಗಿದೆ. ಯಾವ ಅಂಪೈರೂ ನೋಡಿಲ್ಲ ಅಷ್ಟೇ. ಒಮ್ಮೆಯಾದರೂ ಕೈ ಎತ್ತಿ ಒಪ್ಪಿಕೊಳ್ಳಿ.

ಕೊನೆಗೆ, ಬರೀ ಬೈದು ಮುಗಿಸೋಕೆ ಈ ಪೋಸ್ಟ್ ಬರೆದಿಲ್ಲ. ಹಕ್ಕೊತ್ತಾಯ ಇವೆ.

ಒಂದು, ಸಾರ್ವಜನಿಕ ಜಾಗದಲ್ಲಿರೋ ಪ್ರತಿ ಕೋರ್ಟ್, ಅದು ಕಬ್ಬನ್ ಪಾರ್ಕಿನೊಳಗಿರಲಿ, ಬಡಾವಣೆಯ ಸಿಎ ಸೈಟಲ್ಲಿರಲಿ, ದಿನಕ್ಕೆ ಎರಡು ಗಂಟೆ ಸರ್ಕಾರಿ ಶಾಲೆ ಮತ್ತು ಹಾಸ್ಟೆಲ್ ಮಕ್ಕಳಿಗೆ ಉಚಿತವಾಗಿ ತೆರೆಯಬೇಕು. ಗುತ್ತಿಗೆ ನವೀಕರಣಕ್ಕೆ ಇದೇ ಮೊದಲ ಷರತ್ತಾಗಲಿ.

ಎರಡು, ಕೋರ್ಟ್ ಗುಡಿಸೋರು, ಚೆಂಡು ಎತ್ತಿಕೊಡೋರು, ಮಾರ್ಕರ್‌ಗಳು ಮತ್ತು ಅವರ ಮಕ್ಕಳಿಗೆ ಖಾಲಿ ಹೊತ್ತಲ್ಲಿ ಆಡೋ ಹಕ್ಕನ್ನ ಬರವಣಿಗೆಯಲ್ಲಿ ಕೊಡಬೇಕು.

ಮೂರು, ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣ. 2013ರ ಕಾಯ್ದೆ ತಂದಿದ್ದು ಸಿದ್ದರಾಮಯ್ಯನವರ ಸರ್ಕಾರ. 2023-24ರಲ್ಲಿ 11 ಸಾವಿರ ಕೋಟಿಗೂ ಹೆಚ್ಚು, 2024-25ರಲ್ಲಿ 14 ಸಾವಿರ ಕೋಟಿಗೂ ಹೆಚ್ಚು ಹಣವನ್ನ ಗ್ಯಾರಂಟಿಗಳ ಕಡೆ ತಿರುಗಿಸಿದ್ದೂ ಅವರದೇ ಸರ್ಕಾರ. ಆ ದುಡ್ಡಲ್ಲಿ ಎಷ್ಟು ಹಾಸ್ಟೆಲ್‌ಗಳಿಗೆ ಮೈದಾನ, ಕೋಚ್, ಹಾಲು-ಮೊಟ್ಟೆ ಬರ್ತಿತ್ತು, ಲೆಕ್ಕ ಹಾಕಿ.

ನಾಲ್ಕನೆಯದು ಬೋಪಣ್ಣ ಸರ್ ಅವರಿಗೇ ಮನವಿ. ಬೆಂಗಳೂರಲ್ಲಿ ನಿಮ್ಮದೇ ಅಕಾಡೆಮಿ ಇದೆ, ನಿಮ್ಮ ಮಾತಿಗೆ ಈಗ ತೂಕ ಇದೆ. ಲೈನ್ ಮನೆಗಳ ಮಕ್ಕಳಿಗೆ, ಕೊಳಗೇರಿ ಮಕ್ಕಳಿಗೆ ಕೋರ್ಟ್ ತೆರೀರಿ ಅಂತ ನೀವು ಹೇಳಿದ್ರೆ ಕ್ಲಬ್ಬುಗಳು, ಸರ್ಕಾರ ಕೇಳಿಸ್ಕೊಳ್ಳುತ್ತೆ. ನಾವು ಹೇಳಿದ್ರೆ ಗಲಾಟೆ ಅಂತಾರೆ.

ಕೋರ್ಟ್‌ಗಳ ಪಟ್ಟಿ ಮಾಡೋಣ. ನಿಮ್ಮ ಏರಿಯಾದಲ್ಲಿ ಸಾರ್ವಜನಿಕ ಜಾಗದಲ್ಲಿದ್ದೂ ಬಾಗಿಲು ಹಾಕಿಕೊಂಡಿರೋ ಕೋರ್ಟ್ ಯಾವುದು, ಕಾಮೆಂಟಲ್ಲಿ ಬರೀರಿ. ಮನವಿ ಪತ್ರ ನಾನು ಬರೀತೀನಿ, ಕೊಡೋಕೆ ಒಟ್ಟಿಗೆ ಹೋಗೋಣ.

ಜೈ ಭೀಮ್.