ಗರ್ಭಿಣಿಯ ನವೆ: ಉಪೇಕ್ಷೆ ಸಲ್ಲದು

ಬಸುರಿಯಾದ ಹೆಣ್ಣುಮಗಳ ಬಯಕೆಯನ್ನು ಸಲ್ಲಿಸುವುದರಲ್ಲಿ ನಮ್ಮ ಗೃಹಸ್ಥರು ಯಾರಿಗೂ ಕಡಮೆಯಾದವರಲ್ಲ. ಸೀಮಂತದ ಸೀರೆಗೂ ಬಳೆಗೂ ಸಾಲ ಮಾಡಿಯಾದರೂ ಹಣ ಹೊಂದಿಸುವರು. ಆದರೆ ಅದೇ ಹೆಣ್ಣುಮಗಳು, "ಅಂಗೈ ಅಂಗಾಲು ನವೆಯಾಗಿ ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ" ಎಂದರೆ, "ಉಷ್ಣ ಹೆಚ್ಚಿದೆ, ಹೆತ್ತ ಮೇಲೆ ತಾನೇ ಹೋಗುತ್ತದೆ" ಎಂದು ಎಳನೀರು ಕೊಟ್ಟು ಸುಮ್ಮನಾಗುವರು. ಈ ಉತ್ತರವು ಅನೇಕ ವೇಳೆ ನಿಜವೇ. ಅದು ನಿಜವಾಗದ ವೇಳೆಯಲ್ಲಿ ತೆರಬೇಕಾದ ಬೆಲೆಯು ಕೂಸಿನ ಪ್ರಾಣ, ಒಮ್ಮೊಮ್ಮೆ ತಾಯಿಯ ಪ್ರಾಣ. ಆದುದರಿಂದಲೇ ಈ ವಿಷಯವನ್ನು ವಾಚಕರ ಹಾಗೂ ಅಧಿಕಾರಿಗಳ ಮುಂದಿಡುತ್ತಿದ್ದೇವೆ.

ಮೊದಲು ಭಯವನ್ನು ಅದರ ಅಳತೆಯಲ್ಲಿಡೋಣ. ಆಸ್ಟ್ರಿಯದ ಗ್ರಾಟ್ಸ್ ಮತ್ತು ಲಂಡನ್ ನಗರಗಳ ಚರ್ಮವೈದ್ಯರು ೫೦೫ ಮಂದಿ ಗರ್ಭಿಣಿಯರ ದಾಖಲೆಗಳನ್ನು ಪರಿಶೀಲಿಸಿ ೨೦೦೬ರಲ್ಲಿ ಒಂದು ವಿಂಗಡಣೆಯನ್ನು ಪ್ರಕಟಿಸಿದರು. ಅವರಲ್ಲಿ ಅರ್ಧದಷ್ಟು ಮಂದಿಗಿದ್ದುದು ಇಸುಬಿನ ಜಾತಿಯ ಸಾಮಾನ್ಯ ಕಜ್ಜಿ. ಐದರಲ್ಲೊಂದು ಪಾಲಿನವರಿಗೆ ಇದ್ದುದು ಹೊಟ್ಟೆಯ ಬಿರುಕುಗೆರೆಗಳಲ್ಲಿ ಎದ್ದು, ಹೊಕ್ಕುಳನ್ನು ಬಿಟ್ಟು ಹರಡುವ ದದ್ದು. ಇವೆರಡರಿಂದಲೂ ಕೂಸಿಗೆ ಕೇಡಿಲ್ಲ. ಉಳಿದವು ವಿರಳ, ಆದರೆ ವಿರಳವಾದುದು ಇಲ್ಲವಾದುದಲ್ಲ.

ಮೈಮೇಲೆ ಒಂದು ಗುಳ್ಳೆಯೂ ಇಲ್ಲದೆ, ಕಡೆಯ ಮೂರು ತಿಂಗಳಲ್ಲಿ ಅಂಗೈ ಅಂಗಾಲುಗಳಲ್ಲಿ ಹುಟ್ಟಿ ರಾತ್ರಿ ಹೆಚ್ಚುವ ನವೆಯು ಚರ್ಮದ ರೋಗವೇ ಅಲ್ಲ. ಯಕೃತ್ತಿನಿಂದ ಪಿತ್ತರಸವು ಸರಾಗವಾಗಿ ಇಳಿಯದೆ ರಕ್ತದಲ್ಲಿ ಪಿತ್ತಾಮ್ಲಗಳು ಏರಿರುವುದೇ ಅದರ ಮೂಲ. ಮನೆಯ ಹಿರಿಯರು "ಪಿತ್ತ" ಎಂದರೆ ಇಲ್ಲಿ ಒಂದು ಬಗೆಯಲ್ಲಿ ಸರಿಯೇ; ಆದರೆ ಪಿತ್ತವೆಂದ ಮೇಲೆ ರಕ್ತಪರೀಕ್ಷೆ ಮಾಡಿಸಬೇಕಲ್ಲದೆ ಜೀರಿಗೆ ಕಷಾಯದಲ್ಲಿ ನಿಲ್ಲಬಾರದು. ೨೦೧೯ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನದ ಪ್ರಕಾರ, ಪಿತ್ತಾಮ್ಲವು ಲೀಟರಿಗೆ ೪೦ ಮೈಕ್ರೋಮೋಲಿಗಿಂತ ಕಡಮೆಯಿದ್ದವರಲ್ಲಿ ಕೂಸು ಸತ್ತು ಹುಟ್ಟಿದ್ದು ಶೇಕಡಾ ೦.೧೩, ಅದು ೧೦೦ನ್ನು ಮುಟ್ಟಿದವರಲ್ಲಿ ಶೇಕಡಾ ೩.೪೪. ನವೆಯನ್ನು ತುಸು ತಗ್ಗಿಸುವ ಮಾತ್ರೆಯಿದೆ. ಆದರೆ ಕೂಸನ್ನು ಕಾಯುವುದು ರಕ್ತಪರೀಕ್ಷೆ, ಮತ್ತು ಅದನ್ನು ನೋಡಿ, ಅಗತ್ಯವಿದ್ದರೆ ೩೬ನೆಯ ವಾರದ ಸುಮಾರಿಗೇ ಹೆರಿಗೆ ಮಾಡಿಸುವ ವೈದ್ಯರ ವಿವೇಚನೆ. ಇಂಗ್ಲೆಂಡಿನಲ್ಲಿ ಈ ವ್ಯಾಧಿ ಶೇಕಡಾ ೦.೭ ಮಂದಿ ಗರ್ಭಿಣಿಯರಿಗೆ ಬಂದರೆ, ಅಲ್ಲಿ ನೆಲಸಿರುವ ಭಾರತ, ಪಾಕಿಸ್ತಾನ ಮೂಲದವರಲ್ಲಿ ೧.೨ರಿಂದ ೧.೫ ಮಂದಿಗೆ ಬರುವುದೆಂದು ಅಲ್ಲಿನ ವೈದ್ಯರ ಲೆಕ್ಕ. ನಮ್ಮವರಿಗೆ ಇದು ದೂರದ ರೋಗವಲ್ಲ.

ಇನ್ನೊಂದು ವ್ಯಾಧಿಯು ಸುಮಾರು ೫೦,೦೦೦ ಬಸುರಿಗೊಂದು ಎಂಬಷ್ಟು ವಿರಳ. ಹೊಕ್ಕುಳ ಸುತ್ತಲೇ ದದ್ದು ಎದ್ದು, ಬಿಗುವಾದ ನೀರುಗುಳ್ಳೆಗಳಾಗಿ ಮೈಗೆ ಹರಡುವುದು. ದೇಹದ ರಕ್ಷಣಾಶಕ್ತಿಯು ಮಾಸಿನಲ್ಲಿಯೂ ಚರ್ಮದಲ್ಲಿಯೂ ಇರುವ ಒಂದು ಪ್ರೋಟೀನಿನ ಮೇಲೆ ತಪ್ಪಿ ತಿರುಗಿಬೀಳುವುದೇ ಇದರ ಕಾರಣ. ನಮ್ಮ ಜನ ಇಂಥ ಗುಳ್ಳೆಗಳನ್ನು ಕಂಡರೆ "ಸರ್ಪಸುತ್ತು" ಎನ್ನುವರು, ಇಲ್ಲವೆ "ಅಮ್ಮ" ಎಂದು ಬೇವಿನ ಸೊಪ್ಪು ಹಾಸುವರು. ಮುಂದಿನ ಬಸುರಿನಲ್ಲಿಯೂ ಮರುಕಳಿಸಿದರೆ ಸರ್ಪದೋಷವೆಂಬ ನಂಬಿಕೆ ಗಟ್ಟಿಯಾಗುವುದು. ಹೀಗೆಂದು ನಮ್ಮವರನ್ನು ಮಾತ್ರ ಹಳಿಯುವುದು ನ್ಯಾಯವಲ್ಲ. ಲಂಡನ್ನಿನ ಮಿಲ್ಟನ್ ಎಂಬ ವೈದ್ಯನು ೧೮೭೨ರಲ್ಲಿ ಇದಕ್ಕೆ ಇಟ್ಟ ಹೆಸರು "ಹರ್ಪೀಸ್ ಜೆಸ್ಟೇಷನಿಸ್". ಹರಿದಾಡುವುದೆಂಬ ಅರ್ಥದ ಆ ಗ್ರೀಕ್ ಮಾತೂ ನಮ್ಮ "ಸರ್ಪ"ವೂ ಒಂದೇ ಮೂಲದವು. ಹರ್ಪೀಸ್ ವಿಷಾಣುವಿಗೂ ಈ ವ್ಯಾಧಿಗೂ ಸಂಬಂಧವಿಲ್ಲವೆಂದು ತಿಳಿದ ಮೇಲೆ ಪಂಡಿತರು ಹೆಸರನ್ನು "ಪೆಂಫಿಗಾಯ್ಡ್" ಎಂದು ತಿದ್ದಿಕೊಂಡರು. ಅವರು ತಿದ್ದಿಕೊಂಡಂತೆ ನಾವೂ ತಿದ್ದಿಕೊಳ್ಳಬೇಕು. ಪೂಜೆಗೆ ನಮ್ಮ ಅಡ್ಡಿಯಿಲ್ಲ. ಪೂಜೆಯ ಹೆಸರಿನಲ್ಲಿ ವಾರಗಳನ್ನು ಕಳೆಯುವುದಕ್ಕೆ ಅಡ್ಡಿಯುಂಟು. ಏಕೆಂದರೆ ಇದಕ್ಕೆ ಸ್ಟೀರಾಯ್ಡ್ ಮುಲಾಮು, ಪ್ರೆಡ್ನಿಸೊಲೋನ್ ಮಾತ್ರೆಗಳ ಚಿಕಿತ್ಸೆಯಿದೆ. ಉಪೇಕ್ಷಿಸಿದರೆ ಕೂಸು ತಿಂಗಳು ತುಂಬದೆ, ತೂಕ ಕಡಮೆಯಾಗಿ ಹುಟ್ಟುವ ಸಂಭವವುಂಟು.

ಮೂರನೆಯದು ಇನ್ನೂ ಕ್ರೂರವಾದುದು. ಜ್ವರದೊಡನೆ ತೊಡೆಸಂದುಗಳಲ್ಲಿ ಕೆಂಪೇರಿ, ಅಂಚಿನಲ್ಲಿ ಸಣ್ಣ ಕೀವುಗುಳ್ಳೆಗಳು ಏಳುವುವು. ಅದೇ ೧೮೭೨ರಲ್ಲಿ ವಿಯೆನ್ನಾದ ಹೆಬ್ರಾ ಎಂಬ ವೈದ್ಯನು ವರ್ಣಿಸಿದ ಐವರು ಗರ್ಭಿಣಿಯರಲ್ಲಿ ನಾಲ್ವರು ತೀರಿಕೊಂಡರು. ಇಂದು ಆಸ್ಪತ್ರೆಗೆ ಸೇರಿಸಿ ರಕ್ತದ ಸುಣ್ಣದಂಶವನ್ನು ನೋಡಿ ಚಿಕಿತ್ಸೆ ಕೊಟ್ಟರೆ ತಾಯಿಯನ್ನು ಉಳಿಸಬಹುದು.

ರಕ್ತಹೀನತೆ, ರಕ್ತದೊತ್ತಡಗಳಂಥ ದೊಡ್ಡ ಶತ್ರುಗಳಿರುವಾಗ ವಿರಳ ರೋಗಗಳ ಮಾತೇಕೆಂದು ಕೆಲವರು ಕೇಳಬಹುದು. ನಾವು ಕೇಳುವುದು ಹೊಸ ಆಸ್ಪತ್ರೆಯನ್ನಲ್ಲ, ಒಂದು ಪ್ರಶ್ನೆಯನ್ನು. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಂತೆ ಪ್ರತಿ ತಿಂಗಳ ೯ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯುಂಟು. ಆ ದಿನ ಪ್ರತಿಯೊಬ್ಬ ತಾಯಿಯನ್ನೂ, "ನವೆಯಿದೆಯೇ? ಎಲ್ಲಿ? ಗುಳ್ಳೆಯಿದೆಯೇ?" ಎಂದು ಕೇಳಿ ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಯತಕ್ಕದ್ದು. ಪಿತ್ತಾಮ್ಲದ ಪರೀಕ್ಷೆ ನಡೆಯದ ತಾಲ್ಲೂಕುಗಳಿಂದ ರಕ್ತದ ಮಾದರಿಯನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸುವ ಏರ್ಪಾಡಾಗತಕ್ಕದ್ದು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಈ ಮೂರು ಲಕ್ಷಣಗಳನ್ನು ಅರ್ಧ ಗಂಟೆಯಲ್ಲಿ ಕಲಿಸಬಹುದು.

ಗೃಹಸ್ಥರಲ್ಲಿ ನಮ್ಮ ವಿನಂತಿ ಇನ್ನೂ ಚಿಕ್ಕದು. ಸೊಸೆಯಾಗಲಿ ಮಗಳಾಗಲಿ ನವೆಯೆಂದು ಹೇಳಿದ ರಾತ್ರಿ ಆಕೆಯ ಮಾತನ್ನು ನಂಬಿ, ಮರುದಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ಹತ್ತು ಸಲ ವ್ಯರ್ಥವಾಗಿ ಹೋಗಿ ಬಂದುದರಿಂದ ಬಸ್ಸಿನ ಹಣವಷ್ಟೇ ನಷ್ಟ. ಒಂದು ಸಲ ಹೋಗದೆ ಉಳಿದುದರಿಂದ ತೊಟ್ಟಿಲು ಬರಿದಾದೀತು.