ರೋಮಿಯೋ ಜೂಲಿಯೆಟ್ ಮತ್ತು ನಮ್ಮ ಕೇರಿ



ಷೇಕ್ಸ್‌ಪಿಯರನ 'ರೋಮಿಯೋ ಜೂಲಿಯೆಟ್' ನಾಟಕವನ್ನು ಕಾಲೇಜುಗಳಲ್ಲಿ ಹೇಗೆ ಪಾಠ ಮಾಡ್ತಾರೆ ಅನ್ನೋದು ನಿಮಗೆ ಗೊತ್ತೇ ಇದೆ. ವಿಧಿ, ನಕ್ಷತ್ರ, ಅಮರ ಪ್ರೇಮ. ನೋಟ್ಸ್ ಬರೆಸಿ, ಉರು ಹೊಡೆಸಿ, ಮಾರ್ಕು ಹಾಕಿ ಮುಗಿಸಿಬಿಡ್ತಾರೆ. ನಮ್ಮ ಕೆಲವು ಗೆಳೆಯರು ಇನ್ನೊಂದು ತುದಿಗೆ ಹೋಗಿ, ಅದು ಸಾಹುಕಾರರ ಮಕ್ಕಳ ಕತೆ, ನಮಗ್ಯಾಕೆ, ಬರೀ ಬೂಸಾ ಅಂತ ತಳ್ಳಿಹಾಕ್ತಾರೆ. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂಬ ಮಾತಾಡಿದ್ದಕ್ಕೆ ಹಾಸ್ಟೆಲ್ ಹುಡುಗರು ಒದೆ ತಿಂದರು, ಅವರು ಮಂತ್ರಿ ಪದವಿ ಕಳೆದುಕೊಂಡರು. ಅಷ್ಟು ಬೆಲೆ ತೆತ್ತ ಮಾತನ್ನು ಪುಸ್ತಕ ಓದದೆ ಇರೋದಕ್ಕೆ ನೆವ ಮಾಡಿಕೊಳ್ಳೋದು ಸರಿಯಲ್ಲ. ಈ ನಾಟಕವನ್ನು ನಾವು ಓದಲೇಬೇಕು, ಮೇಷ್ಟ್ರು ಬಿಟ್ಟು ಹೋಗೋ ಪುಟಗಳನ್ನಂತೂ ಎರಡು ಸಲ ಓದಬೇಕು.

ನಾಟಕ ಮೊದಲು ಅಚ್ಚಾದದ್ದು 1597ರಲ್ಲಿ. ಕತೆ ಮಾತ್ರ ಅದಕ್ಕಿಂತ ಹಳೇದು. 1562ರಲ್ಲೇ ಆರ್ಥರ್ ಬ್ರೂಕ್ ಎಂಬ ಇಂಗ್ಲಿಷಿನವನು ಇಟಲಿ ಕಡೆಯಿಂದ ಬಂದ ಈ ಕತೆಯನ್ನು ಉದ್ದನೆಯ ಪದ್ಯ ಮಾಡಿದ್ದ. ಅವನ ಮುನ್ನುಡಿ ಓದಿದರೆ ನಮ್ಮೂರ ಗೌಡರ ಜಗಲಿ ಪಂಚಾಯ್ತಿ ನೆನಪಾಗುತ್ತೆ. ಹೆತ್ತವರ ಮಾತು ಮೀರಿ ಕೆಟ್ಟ ಆಸೆಗೆ ಬಿದ್ದ ಜೋಡಿ ಹಾಳಾಗಿ ಹೋಯ್ತು, ನೋಡಿ ಬುದ್ಧಿ ಕಲೀರಿ ಅನ್ನೋ ಧಾಟಿ. ಷೇಕ್ಸ್‌ಪಿಯರ್ ಅದೇ ಕತೆ ತಗೊಂಡು ಬೆರಳನ್ನು ಹಿರಿಯರ ಕಡೆಗೆ ತಿರುಗಿಸಿದ. ಬ್ರೂಕನಲ್ಲಿ ತಿಂಗಳುಗಟ್ಟಲೆ ನಡೆಯೋದನ್ನು ಐದಾರು ದಿನಕ್ಕೆ ಇಳಿಸಿದ. ಬ್ರೂಕನ ಹುಡುಗಿಗೆ 16ರ ಹತ್ತಿರ ವಯಸ್ಸು, ಇವನ ಜೂಲಿಯೆಟ್‌ಗೆ ಇನ್ನೂ 14 ತುಂಬಿಲ್ಲ. ಅಷ್ಟು ಎಳೆ ಹುಡುಗಿಗೆ ಅಪ್ಪ ಕ್ಯಾಪುಲೆಟ್ ಪ್ಯಾರಿಸ್ ಎಂಬ ಶ್ರೀಮಂತನನ್ನು ಗೊತ್ತುಮಾಡಿ, ಒಲ್ಲೆ ಅಂದದ್ದಕ್ಕೆ ಬೀದಿಯಲ್ಲಿ ತಿರಿದು ಸಾಯಿ ಅನ್ನೋ ಹಾಗೆ ಬೈತಾನೆ. ಹಾಲೂಡಿಸಿ ಸಾಕಿದ ದಾದಿಯೂ ಕಡೆಗೆ, ಅಪ್ಪ ಹೇಳಿದವನನ್ನೇ ಕಟ್ಟಿಕೊಂಡು ಸುಮ್ಮನಿರು ಅಂತಾಳೆ. ನಾಟಕದಲ್ಲಿ ನಕ್ಷತ್ರದ ಮಾತು ಬರುತ್ತೆ, ಇಲ್ಲ ಅನ್ನಲ್ಲ. ಆದರೆ ಆ ಹುಡುಗಿಗೆ ಬಾಗಿಲು ಮುಚ್ಚಿದ ಕೈಗಳು ಯಾರವು ಅಂತ ಎಣಿಸಿ ನೋಡಿ, ಎಲ್ಲವೂ ಮನುಷ್ಯರವೇ.

ಇನ್ನು ಮೇಷ್ಟ್ರು ಬಿಟ್ಟು ಹೋಗೋ ಪುಟಗಳ ವಿಚಾರ. ನಾಟಕ ಶುರುವಾಗೋದು ಪ್ರೇಮಿಗಳಿಂದಲ್ಲ, ಆಳುಗಳಿಂದ. ಸ್ಯಾಂಪ್ಸನ್, ಗ್ರೆಗರಿ ಅಂತ ಕ್ಯಾಪುಲೆಟ್ ಮನೆಯ ಇಬ್ಬರು ಆಳುಗಳು ಕತ್ತಿ ಗುರಾಣಿ ಹಿಡಕೊಂಡು ಬೀದಿಗೆ ಬರ್ತಾರೆ. ಎದುರಿಗೆ ಮಾಂಟೆಗ್ಯೂ ಮನೆಯ ಆಳುಗಳು. ಒಬ್ಬ ಹೆಬ್ಬೆರಳು ಕಚ್ಚಿ ಅಣಕಿಸ್ತಾನೆ, ಅಷ್ಟಕ್ಕೇ ಹೊಡೆದಾಟ. ಈ ಆಳುಗಳಿಗೆ ಒಬ್ಬರ ಮೇಲೊಬ್ಬರಿಗೆ ಏನು ದ್ವೇಷ? ಏನೂ ಇಲ್ಲ. ಧಣಿಗಳಿಗೆ ಆಗಿಬರಲ್ಲ, ಅದಕ್ಕೇ ಇವರಿಗೂ ಆಗಿಬರಲ್ಲ. ಧಣಿಗಳಿಗೆ ಯಾಕೆ ಆಗಿಬರಲ್ಲ ಅಂತ ನಾಟಕದ ಉದ್ದಕ್ಕೂ ಯಾರೂ ಹೇಳಲ್ಲ. ಹಳೇ ಜಗಳ ಅಂತಾರೆ, ಅಷ್ಟೇ. ಊರ ಗೌಡರ ಎರಡು ಪಾರ್ಟಿಗಳಿಗೆ ಚುನಾವಣೆಯಲ್ಲಿ ಬಿದ್ದಾಗ ಮೊದಲು ತಲೆ ಒಡೆಸಿಕೊಳ್ಳೋರು ಯಾರು, ಕೋರ್ಟಿಗೆ ಅಲೆಯೋರು ಯಾರು ಅನ್ನೋದನ್ನು ಹಳ್ಳಿಯಿಂದ ಬಂದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಸ್ವಲ್ಪ ಮುಂದೆ ಇನ್ನೊಬ್ಬ ಆಳು ಬರ್ತಾನೆ. ಧಣಿ ಅವನ ಕೈಗೆ ಔತಣಕ್ಕೆ ಕರೆಯಬೇಕಾದವರ ಪಟ್ಟಿ ಕೊಟ್ಟು ಓಡಿಸ್ತಾನೆ. ಆಳಿಗೆ ಓದಲಿಕ್ಕೆ ಬರಲ್ಲ. ಕೊಟ್ಟ ಧಣಿಗೆ ಅದರ ಪರಿವೆಯೂ ಇಲ್ಲ. ಬೀದಿಯಲ್ಲಿ ಸಿಕ್ಕ ರೋಮಿಯೋನನ್ನೇ ಓದಿ ಹೇಳಿ ಸ್ವಾಮಿ ಅಂತ ಕೇಳ್ತಾನೆ. ಹಾಗೆ ಓದಿ ಹೇಳಿದ್ದಕ್ಕೇ ರೋಮಿಯೋಗೆ ಔತಣದ ಸುದ್ದಿ ಗೊತ್ತಾಗಿ, ಅಲ್ಲಿಗೆ ಹೋಗಿ, ಜೂಲಿಯೆಟ್‌ಳನ್ನು ಕಾಣೋದು. ಇಡೀ ಕತೆ ಒಬ್ಬ ಆಳಿಗೆ ಅಕ್ಷರ ಕಲಿಸದೆ ಇದ್ದ ಕಡೆಯಿಂದ ಹೊರಳುತ್ತೆ. ಇದನ್ನು ಯಾವ ಗೈಡಿನಲ್ಲಿ ಬರೆದಿದ್ದಾರೆ? ಅಪ್ಪಂದಿರು ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡ ಮನೆಗಳಿಂದ ಬಂದ ನಮಗೆ ಈ ಆಳು ಕಣ್ಣಿಗೆ ಬೀಳದೆ ಇನ್ಯಾರಿಗೆ ಬೀಳಬೇಕು!

ಕೊನೆಗೆ ಮಾಂಟುವಾದ ಔಷಧಿ ಅಂಗಡಿಯವನು. ಹೊಟ್ಟೆಗಿಲ್ಲದೆ ಮೂಳೆ ಕಾಣೋ ಬಡವ. ವಿಷ ಮಾರಿದರೆ ಅಲ್ಲಿ ಮರಣದಂಡನೆ. ರೋಮಿಯೋ 40 ಡ್ಯುಕಾಟ್ ಹಿಡಿದಾಗ, ಮನಸ್ಸು ಒಪ್ಪದಿದ್ದರೂ ಬಡತನ ಒಪ್ಪುತ್ತೆ ಅಂತ ಕೊಡ್ತಾನೆ. ಬ್ರೂಕನ ಪದ್ಯದಲ್ಲಿ ಈ ಬಡವನನ್ನು ನೇಣಿಗೆ ಹಾಕ್ತಾರೆ, ದಾದಿಯನ್ನು ಗಡೀಪಾರು ಮಾಡ್ತಾರೆ. ಷೇಕ್ಸ್‌ಪಿಯರನ ದೊರೆ ಮಾತ್ರ ಕೆಲವರಿಗೆ ಕ್ಷಮೆ, ಕೆಲವರಿಗೆ ಶಿಕ್ಷೆ ಅಂದು ಸುಮ್ಮನಾಗ್ತಾನೆ, ಯಾರಿಗೆ ಯಾವುದು ಅಂತ ಹೇಳಲ್ಲ. ಇಬ್ಬರು ಅಪ್ಪಂದಿರೋ, ಹೆಣಗಳ ಮುಂದೆ ಕೈ ಕುಲುಕಿ, ನಿನ್ನ ಮಗಳಿಗೆ ನಾನು ಚಿನ್ನದ ಪ್ರತಿಮೆ ಮಾಡಿಸ್ತೀನಿ, ನಿನ್ನ ಮಗನಿಗೆ ನಾನು ಮಾಡಿಸ್ತೀನಿ ಅಂತ ಪೈಪೋಟಿಗೆ ನಿಲ್ತಾರೆ.

ಈಗ ಮುಖ್ಯ ಮಾತು. ನಾಟಕದ ಪೀಠಿಕೆಯಲ್ಲೇ ಒಂದು ವಿಷಯ ಸ್ಪಷ್ಟ ಮಾಡಿದ್ದಾರೆ: ವೆರೋನಾದ ಈ ಎರಡು ಮನೆತನಗಳೂ ಅಂತಸ್ತಿನಲ್ಲಿ ಸಮಾನ. ಅಲ್ಲಿಂದ ಇಲ್ಲಿಗೆ ಬಂದ ಕಡೆಯಲ್ಲೂ ಹಾಗೇ ನಡೆದಿದೆ. ಕನ್ನಡಕ್ಕೆ 19ನೇ ಶತಮಾನದ ಕೊನೆಗೇ ಇದು 'ರಾಮವರ್ಮ ಲೀಲಾವತಿ' ಆಗಿ ಬಂತು, ಹೆಸರಲ್ಲೇ ಕ್ಷತ್ರಿಯರ ವಾಸನೆ. 1988ರ ಹಿಂದಿ ಸಿನಿಮಾ 'ಕಯಾಮತ್ ಸೇ ಕಯಾಮತ್ ತಕ್'ನಲ್ಲಿ ಎರಡೂ ಠಾಕೂರರ ಮನೆ. ಸಮಾನರ ಜಗಳ ಅಂದರೆ ನೋಡಲಿಕ್ಕೆ ಚೆಂದ, ಎರಡೂ ಕಡೆ ಕತ್ತಿ, ಎರಡೂ ಕಡೆ ಕುದುರೆ. 2016ರಲ್ಲಿ ನಾಗರಾಜ ಮಂಜುಳೆ ಮರಾಠಿಯಲ್ಲಿ 'ಸೈರಾಟ್' ತೆಗೆದು, ಪಾಟೀಲರ ಹುಡುಗಿ, ಮೀನು ಹಿಡಿಯೋರ ಮನೆ ಹುಡುಗ ಅಂತ ತೋರಿಸಿದ ಮೇಲೆ ಕೆಲವರಿಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯ್ತು. ಆಗಬೇಕಾದದ್ದೇ.

ಊರಿಗೂ ಕೇರಿಗೂ ಇರೋದು ಎರಡು ಮನೆತನಗಳ ವೈರ ಅಲ್ಲ. ಕೇರಿಯ ಹುಡುಗ ಊರ ಹುಡುಗಿಯನ್ನು ಮೆಚ್ಚಿದರೆ ಹುಡುಗ ಹುಡುಗಿಗೆ ಮಾತ್ರ ತೊಂದರೆ ಆಗಲ್ಲ, ಇಡೀ ಕೇರಿಗೆ ಕೂಲಿ ನಿಲ್ಲುತ್ತೆ, ಅಂಗಡಿ ಮುಚ್ಚುತ್ತೆ, ನೀರು ನಿಲ್ಲುತ್ತೆ. ಮರುದಿನ ಪತ್ರಿಕೆಯಲ್ಲಿ 'ಎರಡು ಗುಂಪುಗಳ ಘರ್ಷಣೆ' ಅಂತ ಬರುತ್ತೆ. ಹುಡುಗಿಯನ್ನು ಅವಳ ಅಪ್ಪ ಅಣ್ಣಂದಿರೇ ಕೊಂದರೆ 'ಮರ್ಯಾದೆ ಹತ್ಯೆ' ಅಂತ ಬರುತ್ತೆ. ಕೊಂದವನ ಮರ್ಯಾದೆಯನ್ನು ಅಚ್ಚಿನಲ್ಲಿ ಹಾಕೋ ಈ ಮಾತನ್ನು ನಮ್ಮ ಭಾಷಣಗಳಲ್ಲಿ, ಕರಪತ್ರಗಳಲ್ಲಿ ಬಳಸೋದನ್ನು ಇನ್ನಾದರೂ ನಿಲ್ಲಿಸೋಣ. ಅದಕ್ಕೆ ಜಾತಿ ಕೊಲೆ ಅಂತ ಕರೆದರೆ ಸಾಕು.

ಹನ್ನೆರಡನೇ ಶತಮಾನದ ಕಲ್ಯಾಣವನ್ನು ನೆನೆಸಿಕೊಳ್ಳಿ. ಬ್ರಾಹ್ಮಣ ಮಧುವರಸನ ಮಗಳು, ಸಮಗಾರ ಹರಳಯ್ಯನ ಮಗ. ಅಲ್ಲಿ ಅಪ್ಪಂದಿರಿಗೆ ಜಗಳವೇ ಇರಲಿಲ್ಲ, ಇಬ್ಬರೂ ಒಪ್ಪಿ ಮದುವೆ ಮಾಡಿದರು. ಒಪ್ಪಿದ್ದೇ ತಪ್ಪಾಯ್ತು. ಬಿಜ್ಜಳನ ಆಜ್ಞೆಯಂತೆ ಅವರನ್ನು ಎಳೆಹೂಟೆ ಶಿಕ್ಷೆಗೆ ಗುರಿ ಮಾಡಿದರು ಅಂತ ಶರಣ ಪರಂಪರೆ ಹೇಳುತ್ತೆ. ವೆರೋನಾದಲ್ಲಿ ಹಿರಿಯರು ರಾಜಿಯಾಗಿದ್ದರೆ ಮಕ್ಕಳು ಬದುಕುತ್ತಿದ್ದರು. ಕಲ್ಯಾಣದಲ್ಲಿ ರಾಜಿಯಾದ ಹಿರಿಯರನ್ನೇ ಕೊಂದರು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಅಂದವರು, ಅಲ್ಲಿಗೇ ನಿಲ್ಲಿಸದೆ ಅದನ್ನು ಪಾಪ ಅನ್ನೋ ಶಾಸ್ತ್ರಗಳ ಪವಿತ್ರತೆಯನ್ನೂ ಒಡೀಬೇಕು ಅಂದದ್ದು ಇದಕ್ಕೇ.

ಹಾಗಾದರೆ ಈ ನಾಟಕ ನಮಗೆ ಹೊಂದೋದೇ ಇಲ್ಲವೆ? ಹೊಂದುತ್ತೆ, ಆದರೆ ಬೇರೆ ಜಾಗದಲ್ಲಿ. ಕೇಳಲಿಕ್ಕೆ ಕಹಿಯಾದರೂ ಬರೆಯಬೇಕು. ಅಂತಸ್ತಿನಲ್ಲಿ ಸಮಾನವಾದ, ಕಾರಣ ಮರೆತು ಹೋದ ಜಗಳ ಉಳಿಸಿಕೊಂಡ ಎರಡು ಮನೆ ಬೇಕೇ? ನಮ್ಮೊಳಗೇ ಇದೆ. ಹೊಲೆಗೇರಿ, ಮಾದಿಗರ ಕೇರಿ. ಊರ ಹೋಟೆಲಿನಲ್ಲಿ ಇಬ್ಬರಿಗೂ ಬೇರೆ ಲೋಟ, ಊರ ಗುಡಿಯಲ್ಲಿ ಇಬ್ಬರೂ ಹೊರಗೆ. ಆದರೆ ಒಬ್ಬರಿಗೊಬ್ಬರು ಹೆಣ್ಣು ಕೊಡಲ್ಲ, ತರಲ್ಲ. ಯಾಕಪ್ಪ ಅಂದರೆ, ಎಡಗೈ ಬಲಗೈ, ತಾತನ ಕಾಲದಿಂದ ಬಂದದ್ದು ಅಂತಾರೆ. ಆ ಜಗಳದ ಧಣಿಗಳು ಯಾರು? 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಒಳಮೀಸಲಾತಿಗೆ ದಾರಿ ಬಿಟ್ಟಿದೆ. ಪಾಲು ಯಾರಿಗೆ ಬರಬೇಕೋ ಅವರಿಗೆ ಬರಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾಲಿನ ಲೆಕ್ಕ ಕೇಳೋದು ಬೇರೆ, ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವನು ರಜೆಗೆ ಊರಿಗೆ ಹೋಗಿ, ಅಕ್ಕ ಆ ಕೇರಿಯವನನ್ನು ಮೆಚ್ಚಿದಳು ಅಂತ ಕುಡುಗೋಲು ಹುಡುಕೋದು ಬೇರೆ. ಟಿಬಾಲ್ಟನ ಪಾರ್ಟು ಮಾಡಲಿಕ್ಕೆ ನಮ್ಮಲ್ಲೂ ಜನ ಇದ್ದಾರೆ.

ಪ್ರೀತಿಸಿದ ಗೆಳೆಯ ಗೆಳತಿಯರಿಗೆ ನೇರವಾಗಿ ಕೆಲವು ಮಾತು. ವಿಷದ ಬಾಟ್ಲಿ ಯಾರೂ ಮುಟ್ಟಬೇಡಿ. ಜೂಲಿಯೆಟ್ ವಯಸ್ಸಿಗೆ ಓಡಿಹೋಗೋದೂ ಬೇಡ. ಹುಡುಗಿಗೆ 18 ತುಂಬಿಲ್ಲದಿದ್ದರೆ ಅವಳ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇಲ್ಲ. 2012ರ ಪೋಕ್ಸೋ ಕಾಯ್ದೆಯಲ್ಲಿ ಹುಡುಗ ಜೈಲಿಗೆ ಹೋಗ್ತಾನೆ, ಅವಳ ಮನೆಯವರು ಅದನ್ನೇ ಕಾಯ್ತಿರ್ತಾರೆ. 18, 21 ಆಗೋವರೆಗೆ ಓದಿ, ಒಂದು ಕೆಲಸ ಹಿಡಿಯಿರಿ. ಆಮೇಲೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದರಲ್ಲಿ 30 ದಿನ ನೋಟೀಸು ಹಾಕ್ತಾರೆ, ಬೋರ್ಡು ನೋಡಿ ಮನೆಯವರಿಗೆ ಸುದ್ದಿ ಮುಟ್ಟಿಸೋರು ಇರ್ತಾರೆ, ಆ ತಿಂಗಳು ಎಲ್ಲಿರ್ತೀರಿ ಅನ್ನೋದನ್ನು ಮೊದಲೇ ಗಟ್ಟಿಮಾಡಿಕೊಳ್ಳಿ. ವಯಸ್ಸಿಗೆ ಬಂದ ಇಬ್ಬರು ಒಪ್ಪಿದರೆ ಮನೆಯವರ, ಕುಲದವರ ಅಪ್ಪಣೆ ಬೇಕಿಲ್ಲ ಅಂತ 2018ರಲ್ಲಿ ಶಕ್ತಿ ವಾಹಿನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ರಕ್ಷಣೆ ಕೊಡೋದು ಪೊಲೀಸರ ಕೆಲಸ ಅಂತಲೂ ಹೇಳಿದೆ. ಠಾಣೆಗೆ ಹೋಗೋವಾಗ ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ, ಅರ್ಜಿ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಕೇರಿಗೆ ಬಹಿಷ್ಕಾರ ಹಾಕಿದರೆ ಅದೂ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ಈ ವರ್ಷ ಹಾಸ್ಟೆಲ್ ದಿನಕ್ಕೆ ಈ ನಾಟಕ ಆಡೋರು ಇದ್ದರೆ ಒಂದು ಕೋರಿಕೆ. ಹೊತ್ತಾಗುತ್ತೆ ಅಂತ ಮೊದಲ ದೃಶ್ಯ ಕತ್ತರಿಸಬೇಡಿ. ಬಾಲ್ಕನಿ ದೃಶ್ಯ ಬೇಕಾದರೆ ಅರ್ಧ ಮಾಡಿ. ಸ್ಯಾಂಪ್ಸನ್, ಗ್ರೆಗರಿ, ಓದು ಬಾರದ ಆ ಆಳು, ಅಂಗಡಿಯವನು, ಈ ನಾಲ್ಕು ಪಾರ್ಟುಗಳನ್ನು ನಿಮ್ಮಲ್ಲಿ ಚೆನ್ನಾಗಿ ಮಾತಾಡೋ ಹುಡುಗ ಹುಡುಗಿಯರಿಗೆ ಕೊಡಿ. ಸ್ಕ್ರಿಪ್ಟ್ ಸಿದ್ಧವಾದರೆ ನಮಗೊಂದು ಪ್ರತಿ ಕಳಿಸಿ, ಸ್ಟೆನ್ಸಿಲ್ ಕತ್ತರಿಸಿ ಬೇರೆ ಹಾಸ್ಟೆಲ್‌ಗಳಿಗೂ ಹಂಚ್ತೀವಿ.